ಏರಿಯಲ್ ಎಲ್ಲಿ?

ನಡೆಯುತ್ತಿರುವುದನ್ನು ನಿಲ್ಲಿಸುವ ವಿದ್ಯೆ ಎಲ್ಲರಿಗೂ ಬರುವಂಥದಲ್ಲ. ಅದಕ್ಕೆ ಒಂದಿಷ್ಟು ಓದು ಬೇಕು, ಒಂದಿಷ್ಟು ಬಿಡುವು ಬೇಕು, ಪರೋಪಕಾರದ ಬುದ್ಧಿಯಂತೂ ಧಾರಾಳವಾಗಿ ಬೇಕು. ಈ ಮೂರೂ ನನ್ನಲ್ಲಿ ಕೂಡಿಬಂದದ್ದು ಕೆಲಸದಿಂದ ನಿವೃತ್ತನಾದ ಮೇಲೆ. ಆ ಸಂಯೋಗದ ಫಲವನ್ನು ಉಂಡವನು ನನ್ನ ಅಣ್ಣ.

ಅಣ್ಣ ಇರುವುದು ಕಳಸದಿಂದ ಕೆಲವು ಮೈಲಿ ಒಳಗೆ, ನಮ್ಮ ತಂದೆ ಕಟ್ಟಿಸಿದ ಮನೆಯಲ್ಲಿ. ಸುತ್ತ ಎಂಟು ಎಕರೆ ಕಾಫಿ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಒಂದಿಷ್ಟು ಅಡಿಕೆ. ಅವನಿಗೆ ಈಗ ಎಪ್ಪತ್ತಮೂರು. ಎಡಗಿವಿ ಬಹಳ ವರ್ಷಗಳಿಂದ ಕೇಳಿಸುವುದಿಲ್ಲ. ಬಲಗಿವಿ ತಕ್ಕಮಟ್ಟಿಗೆ ಕೇಳುತ್ತದೆ. ಮೊಣಕಾಲು ಹಿಡಿದಿರುವುದರಿಂದ ಅಟ್ಟ ಹತ್ತುವುದನ್ನು ಬಿಟ್ಟಿದ್ದಾನೆ. ಅತ್ತಿಗೆ ತೀರಿಕೊಂಡು ಐದು ವರ್ಷವಾಯಿತು. ಒಬ್ಬಳೇ ಮಗಳು ಗಂಡನೊಡನೆ ಐರ್ಲೆಂಡಿನ ಡಬ್ಲಿನ್ ನಗರದಲ್ಲಿದ್ದಾಳೆ. ಅವಳಿಗೆ ನಾಲ್ಕು ವರ್ಷದ ಒಂದು ಹೆಣ್ಣು ಮಗು.

ಅಣ್ಣನದು ಎರಡು ನಿಯಮಗಳ ಬಾಳು. ಮೊದಲನೆಯದು ಮಳೆಯ ಪುಸ್ತಕ. ಬೆಳಿಗ್ಗೆ ಎಂಟು ಗಂಟೆಗೆ ಅಂಗಳದ ಮಳೆಮಾಪಕದ ನೀರನ್ನು ಅಳೆದು, ಇಂಚು ಸೆಂಟುಗಳಲ್ಲಿ ಬರೆದು, ಪಕ್ಕದಲ್ಲಿ ಹಿಂದಿನ ದಿನದ ವಿಶೇಷವನ್ನು ಒಂದೇ ಸಾಲಿನಲ್ಲಿ ಗುರುತು ಹಾಕುವುದು. ಇದು ತಂದೆಯವರು ಹಾಕಿಕೊಟ್ಟ ಪದ್ಧತಿ. ಕಾಫಿ ಬೆಳೆಯುವ ಮನೆಯಲ್ಲಿ ಪಂಚಾಂಗವಿಲ್ಲದೆ ನಡೆದೀತು, ಮಳೆಯ ಲೆಕ್ಕವಿಲ್ಲದೆ ನಡೆಯದು. ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ ಬಿತ್ತೋ ಇಲ್ಲವೋ, ಬಿದ್ದ ಮೇಲೆ ಹಿಂದೆಯೇ ಇನ್ನೊಂದು ಮಳೆ ಬಂತೋ ಇಲ್ಲವೋ ಎಂಬುದರ ಮೇಲೆ ವರ್ಷದ ಅನ್ನ ನಿಂತಿದೆ.

ಎರಡನೆಯ ನಿಯಮ ಭಾನುವಾರ ರಾತ್ರಿಯ ಎಂಟು ಗಂಟೆ. ಚಳಿಗಾಲದಲ್ಲಿ ಡಬ್ಲಿನ್ನಿನಲ್ಲಿ ಆಗ ಮಧ್ಯಾಹ್ನ ಎರಡೂವರೆ. ಮಗಳು ದೇಶ ಬಿಡುವಾಗ ಬಿಟ್ಟುಹೋದ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತನ್ನ ಬಲಗಡೆಗೆ ಇಟ್ಟುಕೊಂಡು ಅಣ್ಣ ಕಾಯುತ್ತಾನೆ. ಗಂಟೆ ಹೊಡೆಯುತ್ತಲೂ ಪರದೆಯ ತುಂಬ ಮೊಮ್ಮಗಳ ಮುಖ ಮೂಡುತ್ತದೆ. ಮಗು ತಾನು ಬರೆದ ಚಿತ್ರ ತೋರಿಸುತ್ತದೆ, ಹಾಡು ಹೇಳುತ್ತದೆ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಅಜ್ಜನ ನಾಯಿಯನ್ನು ವಿಚಾರಿಸುತ್ತದೆ. ಮೊಬೈಲಿನ ಸಿಗ್ನಲ್ಲು ಬೇಕಾದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕು. ಆದರೆ ಮೂರು ವರ್ಷದ ಹಿಂದೆ ಒಂದು ಫೈಬರ್ ತಂತಿ ಕಂಬ ಮರಗಳ ಮೇಲೆ ಜೋತಾಡುತ್ತ ಬಂದು ಅಟ್ಟದ ಕಿಟಕಿಯಿಂದ ಮನೆಯೊಳಗೆ ಸೇರಿದೆ. ರೂಟರು ಅಲ್ಲಿಯೇ, ತೊಲೆಗೆ ಹೊಡೆದ ಮೊಳೆಯಲ್ಲಿ ನೇತಾಡುತ್ತಿದೆ. ಹಲಗೆಯ ಮಾಳಿಗೆಯನ್ನು ಹಾದು ಅದರ ಅಲೆ ಕೆಳಗಿನ ಕೋಣೆಗಳಿಗೆಲ್ಲ ಇಳಿಯುತ್ತಿತ್ತು. ಎಲ್ಲವೂ ಸರಿಯಾಗಿ ನಡೆಯುತ್ತಿತ್ತು.

ಇಂಥ ಮನೆಗೆ 2025ರ ನವೆಂಬರ್ ಮೊದಲ ವಾರದಲ್ಲಿ ನಾನು ಬೆಂಗಳೂರಿನಿಂದ ಹೊರಟೆ. ನೆಪ ಕಾಫಿ ಕುಯ್ಲು. ಒಳಗಿನ ಉದ್ದೇಶ ಬೇರೆ. ವಿಂಡೋಸ್ 10ಕ್ಕೆ ಅದರ ಒಡೆಯರು ಕೊಡುತ್ತಿದ್ದ ಸಾಮಾನ್ಯ ಬೆಂಬಲ ಆ ವರ್ಷದ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಹಳೆಯ ಯಂತ್ರಗಳನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಣ್ಣನ ಲ್ಯಾಪ್‌ಟಾಪು 2016ರದು. ಬೆಂಬಲ ಮುಗಿದ ಮಾತ್ರಕ್ಕೆ ಯಂತ್ರವೇನೂ ನಿಲ್ಲುವುದಿಲ್ಲ. ಕಳ್ಳರಿಗೆ ಹೊಸ ಕಿಂಡಿ ಕಂಡರೆ ಮುಚ್ಚುವವರು ಇರುವುದಿಲ್ಲ, ಅಷ್ಟೆ. ಆ ಅಷ್ಟೆಯೇ ನನ್ನ ನಿದ್ದೆ ಕೆಡಿಸಿತು. ನಾಲ್ಕು ವರ್ಷದಿಂದ ಮನೆಯಲ್ಲಿ ಲಿನಕ್ಸನ್ನು ಬಳಸುತ್ತಿದ್ದೇನೆ. ಜಯನಗರದ ನಮ್ಮ ಬೀದಿಯಲ್ಲಿ ಆ ವಿಷಯಕ್ಕೆ ನಾನೇ ಪಂಡಿತ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಆಗ ನೆನಪಿಗೆ ಬರಲಿಲ್ಲ.

ಬಸ್ಸು ಮೂಡಿಗೆರೆ ದಾಟುವಾಗ ತೇಜಸ್ವಿಯವರ ನೆನಪಾಯಿತು. ಅಲ್ಲಿನ ತಮ್ಮ ತೋಟದಲ್ಲಿ ಕುಳಿತು ಕೊನೆಯ ವರ್ಷಗಳಲ್ಲಿ ಕನ್ನಡದ ತಂತ್ರಾಂಶಗಳ ವಿಚಾರವಾಗಿ ತಲೆ ಕೆಡಿಸಿಕೊಂಡವರು ಅವರು. 2007ರ ಏಪ್ರಿಲ್ 5ರಂದು ತೀರಿಕೊಂಡರು. ಅವರ ಕೆಲಸವನ್ನು ಮುಂದುವರಿಸಲು ಕಳಸಕ್ಕೆ ಹೊರಟವನಂತೆ ನಾನು ಎದೆಯುಬ್ಬಿಸಿ ಕುಳಿತೆ. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದ ಮೇಲಂತೂ ಲೋಕೋದ್ಧಾರದಲ್ಲಿ ಯಾವ ಸಂದೇಹವೂ ಉಳಿಯಲಿಲ್ಲ.

ನವೆಂಬರ್ 2ರ ಭಾನುವಾರ ಮಗು ಹಾಡು ಹೇಳಿತು. ನಾನೂ ಕೇಳಿದೆ. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪನ್ನು ಅಟ್ಟಕ್ಕೆ ಹೊತ್ತೆ. ಅಲ್ಲಿ ರೂಟರಿನ ಸಮೀಪ ಚಾಪೆ ಹಾಕಿ ಕುಳಿತು, ವಿಂಡೋಸನ್ನು ಅಳಿಸಿ ಲಿನಕ್ಸನ್ನು ಸ್ಥಾಪಿಸಿದೆ. ಒಂದು ಗಂಟೆಯ ಕೆಲಸ. ಯಂತ್ರ ಹೊಸ ಜನ್ಮ ತಳೆದಂತೆ ಚುರುಕಾಯಿತು, ಪರದೆಯ ಮೇಲಿನ ಅಕ್ಷರವೆಲ್ಲ ಕನ್ನಡವಾಯಿತು, ಇಂಟರ್‌ನೆಟ್ಟೂ ಬಂತು. ಗೆದ್ದೆನೆಂದು ಏಣಿಯಿಳಿದು ಬಂದು ಊಟದ ಮೇಜಿನ ಮೇಲಿಟ್ಟೆ. ಇಂಟರ್‌ನೆಟ್ಟು ಹೋಗಿತ್ತು. ಅಟ್ಟಕ್ಕೆ ಹತ್ತಿದೆ, ಬಂತು. ಇಳಿದೆ, ಹೋಯಿತು.

"ಏನಾಯಿತು?" ಎಂದ ಅಣ್ಣ.

"ವೈರ್‌ಲೆಸ್ ಕಾರ್ಡಿನ ಡ್ರೈವರು ಸರಿಯಿಲ್ಲ ಅಂತ ಕಾಣುತ್ತದೆ."

"ನಮ್ಮ ಜೀಪಿಗೂ ಅದೇ ಕಷ್ಟ ಮಾರಾಯ. ಕುಯ್ಲಿನ ಸಮಯಕ್ಕೆ ಸರಿಯಾಗಿ ಊರಿಗೆ ಹೋಗಿ ಕೂತಿದ್ದಾನೆ."

ನಾನು ನಗದೆ ಅವನಿಗೆ ಪಾಠ ಹೇಳಿದೆ. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಬೆರಳೆರಡರಷ್ಟು ಅಗಲದ ಒಂದು ಕಾರ್ಡಿದೆ. ಗಾಳಿಯಲ್ಲಿ ಬರುವ ಅಲೆಯನ್ನು ಹಿಡಿಯುವುದು ಅದರ ಕೆಲಸ. ಅದಕ್ಕೆ ಅಪ್ಪಣೆ ಕೊಟ್ಟು ಕೆಲಸ ಮಾಡಿಸುವ ಬರಹವೇ ಡ್ರೈವರು, ಎಂದರೆ ಚಾಲಕ. ಅದಲ್ಲದೆ ಕಾರ್ಡಿಗೆ ತನ್ನದೇ ಆದ ಪುಟ್ಟ ಮೆದುಳೊಂದುಂಟು. ಪಾಪ, ಅದಕ್ಕೆ ಮರೆವು. ಯಂತ್ರ ಎದ್ದಾಗಲೆಲ್ಲ ಅದರ ಪಾಠವನ್ನು ಹೊಸದಾಗಿ ಕಿವಿಯಲ್ಲಿ ಊದಬೇಕು. ಆ ಪಾಠಕ್ಕೆ ಫರ್ಮ್‌ವೇರ್ ಎಂದು ಹೆಸರು. ಲಿನಕ್ಸನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ. ಆಮೇಲೆ ಸಾವಿರಾರು ಜನ ಸೇರಿ ಬೆಳೆಸಿದರು. ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಫರ್ಮ್‌ವೇರ್ ಹಾಗಲ್ಲ. ಅದು ಕಂಪನಿಯ ಗುಟ್ಟು. ಸಿದ್ಧವಾದ ಪೊಟ್ಟಣ ಕೊಡುತ್ತಾರೆ, ಬಳಸಬಹುದು. ಒಳಗೆ ಏನು ಬರೆದಿದೆ ಎಂದು ಬಿಡಿಸಿ ತಿಳಿಯುವಂತಿಲ್ಲ.

ಅಣ್ಣ ಸ್ವಲ್ಪ ಹೊತ್ತು ಯೋಚಿಸಿ, "ಅಂದರೆ ಹುರಿದ ಬೀಜ ಅನ್ನು," ಎಂದ.

ನನಗೆ ಕೂಡಲೆ ಹೊಳೆಯಲಿಲ್ಲ. ಆಮೇಲೆ ಅರ್ಥವಾಯಿತು. ನಮ್ಮ ಜಿಲ್ಲೆಯ ಮಕ್ಕಳೆಲ್ಲ ಕೇಳಿ ಬೆಳೆದ ಕಥೆ ಅದು. ಅರಬರು ಕಾಫಿ ಬೀಜವನ್ನು ಹುರಿದೋ ಬೇಯಿಸಿಯೋ ಹೊರದೇಶಕ್ಕೆ ಮಾರುತ್ತಿದ್ದರಂತೆ; ಕೊಂಡವರು ಕುಡಿಯಬಹುದು, ಮೊಳೆಸುವ ಹಾಗಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ನಿನಿಂದ ಏಳು ಹಸಿ ಬೀಜಗಳನ್ನು ಮರೆಮಾಡಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರಂತೆ. ಈ ಸೀಮೆಯ ತೋಟಗಳೆಲ್ಲ ಆ ಏಳು ಬೀಜದ ಋಣದಲ್ಲಿವೆ. ಓದಲು ಸಿಗುವ ತಂತ್ರಾಂಶ ಹಸಿ ಬೀಜ. ಮುಚ್ಚಿದ್ದು ಹುರಿದ ಬೀಜ. ಇಷ್ಟನ್ನು ವಿವರಿಸಲು ನನಗೆ ಕಾಲು ಗಂಟೆ ಹಿಡಿದಿತ್ತು. ಅಣ್ಣ ಎರಡು ಮಾತಿನಲ್ಲಿ ಮುಗಿಸಿದ್ದ. ಆದರೂ ಅವನಿಗೆ ವಿಷಯ ತಿಳಿಯುವುದಿಲ್ಲವೆಂದೇ ನಾನು ಭಾವಿಸಿಕೊಂಡಿದ್ದೆ.

ಎದ್ದು ಹೋಗುವಾಗ ಅವನು ಲ್ಯಾಪ್‌ಟಾಪಿನ ಹಿಂದೆ ಮುಂದೆ ಕೈಯಾಡಿಸಿ, "ಇದಕ್ಕೆ ಏರಿಯಲ್ ಎಲ್ಲಿ?" ಎಂದು ಕೇಳಿದ.

"ಇದು ವೈರ್‌ಲೆಸ್ ಅಣ್ಣಾ. ವೈರೇ ಇಲ್ಲದ್ದಕ್ಕೆ ಏರಿಯಲ್ಲು ಎಲ್ಲಿಂದ ಬರಬೇಕು?" ಎಂದು ನಕ್ಕೆ. ಬಹುಶಃ ಅದನ್ನು ಅವನ ಎಡಗಡೆ ನಿಂತು ಹೇಳಿದೆ. ಅವನು ಮತ್ತೆ ಏನೂ ಕೇಳಲಿಲ್ಲ.

ಅವನು ಏರಿಯಲ್ಲಿನ ಮಾತೆತ್ತಿದ್ದಕ್ಕೆ ಕಾರಣವಿತ್ತು. ನಮ್ಮೂರಿನ ಭದ್ರೆ ಹರಿದುಹೋಗುವ ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿಯ ನಿಲಯ ಆರಂಭವಾದಾಗ ತಂದೆಯವರು ಒಂದು ರೇಡಿಯೋ ತಂದರು. ಮನೆಗೆ ವಿದ್ಯುಚ್ಛಕ್ತಿ ಇರಲಿಲ್ಲ. ಇಟ್ಟಿಗೆಯಷ್ಟು ದಪ್ಪದ ಬ್ಯಾಟರಿಯಿಂದ ಅದು ಹಾಡಬೇಕು. ಅಂಚೆ ಕಚೇರಿಯಲ್ಲಿ ಲೈಸೆನ್ಸು ಮಾಡಿಸಬೇಕು. ಆ ಲೈಸೆನ್ಸಿಗೆ ಆಧಾರವಾದ 1933ರ ಕಾಯಿದೆಯ ಹೆಸರಿನಲ್ಲಿ ರೇಡಿಯೋ ಎಂಬ ಮಾತಿಲ್ಲ, 'ವೈರ್‌ಲೆಸ್' ಎಂದೇ ಇದೆ. ಆ ವೈರ್‌ಲೆಸ್ಸಿಗೆ ಎಷ್ಟು ವೈರು! ಎರಡು ಸಿಲ್ವರ್ ಮರಗಳ ನಡುವೆ ಪಿಂಗಾಣಿ ಬಿಲ್ಲೆಗಳನ್ನು ಕಟ್ಟಿ, ತಾಮ್ರದ ತಂತಿಯನ್ನು ಎಳೆದು, ಅದರಿಂದ ಇನ್ನೊಂದು ತಂತಿಯನ್ನು ಕಿಟಕಿಯೊಳಗೆ ಇಳಿಸಬೇಕಿತ್ತು. ಮರ ಹತ್ತಿದವನು ಹದಿಮೂರು ವರ್ಷದ ಅಣ್ಣ. ನನಗೆ ಎಂಟು, ಅರ್ತ್ ತಂತಿ ಹೂತಿದ್ದ ಕಡೆ ಬೇಸಗೆಯಲ್ಲಿ ನೀರು ಹೊಯ್ಯುವುದು ನನ್ನ ಪಾಲಿನ ಎಂಜಿನಿಯರಿಂಗು.

ಇರಲಿ. ನಾನು ಅಟ್ಟದಲ್ಲಿ ತಪಸ್ಸಿಗೆ ಕುಳಿತೆ. ಲಿನಕ್ಸಿಗೂ ವೈರ್‌ಲೆಸ್ ಕಾರ್ಡುಗಳಿಗೂ ಹಳೆಯ ವೈಮನಸ್ಯವಿದೆ ಎಂದು ಬಲ್ಲವನಾದ್ದರಿಂದ ತಪ್ಪು ಅಲ್ಲಿಯೇ ಇರಬೇಕೆಂದು ನನ್ನ ತೀರ್ಮಾನ. ಒಂದು ಕಾಲದಲ್ಲಿ ಬ್ರಾಡ್‌ಕಾಂ ಕಂಪನಿ ತನ್ನ ಕಾರ್ಡುಗಳ ಒಳವಿವರವನ್ನು ಹೊರಗೆ ಬಿಟ್ಟಿರಲಿಲ್ಲ. ಆಗ ಕೆಲವರು ಎರಡು ಗುಂಪಾದರು. ಒಂದು ಗುಂಪು ಕಂಪನಿಯ ಚಾಲಕವನ್ನು ಬಿಡಿಸಿ ನೋಡಿ, ಕಾರ್ಡು ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಬರೆದಿಟ್ಟಿತು. ಇನ್ನೊಂದು ಗುಂಪು ಮೂಲವನ್ನು ಕಣ್ಣೆತ್ತಿಯೂ ನೋಡದೆ, ಆ ಬರಹವನ್ನಷ್ಟೇ ಓದಿ ಹೊಸ ಚಾಲಕವನ್ನು ರಚಿಸಿತು. ನಕಲು ಮಾಡಿದರೆಂಬ ಅಪವಾದ ಬರಬಾರದಲ್ಲ! ಆ ಚಾಲಕ 2006ರ ಜೂನ್‌ನಲ್ಲಿ ಲಿನಕ್ಸಿನ ತಿರುಳಿಗೆ ಸೇರಿತು. 2010ರಲ್ಲಿ ಕಂಪನಿಯೇ ಮನಸ್ಸು ಬದಲಿಸಿ ತನ್ನ ಕೆಲವು ಕಾರ್ಡುಗಳಿಗೆ ತೆರೆದ ಚಾಲಕವನ್ನು ಕೊಟ್ಟಿತು. ಡೆಬಿಯನ್ ಎಂಬ ಲಿನಕ್ಸಿನ ಮಡಿವಂತರು ಹುರಿದ ಬೀಜವನ್ನು ಮನೆಯೊಳಗೆ ಸೇರಿಸುವುದೋ ಬೇಡವೋ ಎಂದು ವರ್ಷಗಟ್ಟಲೆ ವಾದಿಸಿ, 2022ರಲ್ಲಿ ಮತ ಹಾಕಿ, ಸೇರಿಸೋಣ ಎಂದರು; 2023ರ ಜೂನ್ 10ರಂದು ಹೊರಬಂದ ಅವರ 12ನೆಯ ಆವೃತ್ತಿಯಿಂದ ಫರ್ಮ್‌ವೇರ್ ಜೊತೆಯಲ್ಲಿಯೇ ಬರುತ್ತದೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ಅಣ್ಣನ ಕಾರ್ಡು ಬ್ರಾಡ್‌ಕಾಂನದಲ್ಲ, ಅದರ ಫರ್ಮ್‌ವೇರೂ ಸರಿಯಾಗಿ ಕುಳಿತಿತ್ತು. ಆದರೂ ನನ್ನ ಜ್ಞಾನ ವ್ಯರ್ಥವಾಗಬಾರದೆಂದು ಆ ದಾರಿಯಲ್ಲೇ ಹುಡುಕಿದೆ.

ಚಾಲಕವನ್ನು ತೆಗೆದು ಮತ್ತೆ ಹಾಕಿದೆ. ಫರ್ಮ್‌ವೇರನ್ನು ಬದಲಿಸಿದೆ. ಲಿನಕ್ಸಿನ ತಿರುಳನ್ನೇ ಹಳೆಯದು, ಹೊಸದು, ಅತಿ ಹೊಸದು ಎಂದು ಮೂರು ಬಗೆಯಲ್ಲಿ ಪರೀಕ್ಷಿಸಿದೆ. ಕಾರ್ಡು ವಿದ್ಯುತ್ತು ಉಳಿಸಲೆಂದು ತೂಕಡಿಸುತ್ತದೆಂದು ಎಲ್ಲೋ ಓದಿ, ಅದರ ತೂಕಡಿಕೆಯನ್ನು ಬಿಡಿಸಿದೆ. ರೂಟರಿನ ಚಾನೆಲ್ಲನ್ನು ಬದಲಿಸಿದೆ. ಪ್ರತಿಯೊಂದು ಔಷಧವೂ ಅಟ್ಟದಲ್ಲಿ ಗುಣ ತೋರುತ್ತಿತ್ತು, ಕೆಳಗೆ ಬಂದರೆ ರೋಗ ಮರುಕಳಿಸುತ್ತಿತ್ತು. ಅಟ್ಟದಲ್ಲಿ ಗೆದ್ದು ನೆಲದಲ್ಲಿ ಸೋಲುವುದೇ ನನ್ನ ದಿನಚರಿಯಾಯಿತು. ರೂಟರನ್ನು ಕೆಳಗೆ ತರೋಣವೆಂದರೆ ತಂತಿ ಗಿಡ್ಡ. ಅದನ್ನು ಜೋಡಿಸುವವರು ಕುಯ್ಲು ಮುಗಿಯಲಿ ಎಂದರು. ತಂತಿಯಿಂದ ಜೋಡಿಸೋಣವೆಂದರೆ ಆ ತೆಳ್ಳನೆಯ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸುವ ಕಿಂಡಿಯೇ ಇಲ್ಲ.

9ರ ಭಾನುವಾರ ಬಂತು. ಎಂಟು ಗಂಟೆಗೆ ನನ್ನ ಫೋನನ್ನು ಅಣ್ಣನ ಕೈಗೆ ಕೊಟ್ಟೆ. ಅವನು ಅದನ್ನು ಕಣ್ಣಿಗೆ ಹಿಡಿದರೆ ಮಾತು ಕೇಳಿಸದು, ಕಿವಿಗೆ ಹಿಡಿದರೆ ಮುಖ ಕಾಣಿಸದು. "ಅಜ್ಜ ಕಿವಿ ತೋರಿಸ್ತಾರೆ" ಎಂದು ಅಲ್ಲಿಂದ ಮಗು ನಕ್ಕಿತು. ಎರಡು ನಿಮಿಷಕ್ಕೆ ಅಣ್ಣ "ಸಾಕು, ಮಗುವಿಗೆ ಆಡಲಿಕ್ಕಿದೆ" ಎಂದು ಫೋನನ್ನು ಹಿಂದಕ್ಕೆ ಕೊಟ್ಟ. 16ರ ಭಾನುವಾರ ಫೋನು ಕೊಡಹೋದರೆ, "ಇರಲಿ, ನಿನ್ನ ಯಂತ್ರ ಸರಿಯಾಗಲಿ" ಎಂದು ಬೇಗ ಮಲಗಿಬಿಟ್ಟ. ಒಂದು ದಿನವಾದರೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನಾನು ವಾದ ಹೂಡಬಹುದಿತ್ತು. ಸುರಕ್ಷತೆಯ ಬಗ್ಗೆ ಒಳ್ಳೆಯ ವಾದಗಳು ನನ್ನ ಬಳಿ ಇದ್ದವು.

ಮರುದಿನ ಮೋಡ ಕವಿಯಿತು. ಕಣದಲ್ಲಿ ಕಾಫಿ ಹರಡಿತ್ತು. ನವೆಂಬರಿನಲ್ಲಿ ಹೀಗೆ ಅಕಾಲದ ಮಳೆ ಹಿಂದೆ ಎಂದೆಂದು ಬಂದಿದೆ ನೋಡೋಣವೆಂದು ನಾನು ಮಳೆಯ ಪುಸ್ತಕವನ್ನು ತೆರೆದೆ. ಕಣ್ಣು ಮೊದಲು ಬಿದ್ದದ್ದು ಇತ್ತೀಚಿನ ಸಾಲುಗಳ ಮೇಲೆ.

"ನವೆಂಬರ್ 2. ಮಳೆ ಇಲ್ಲ. ಮಗು ಹಾಡು ಹೇಳಿತು."

"ನವೆಂಬರ್ 9. ಮಳೆ ಇಲ್ಲ. ತಮ್ಮನ ಫೋನು. ಮುಖ ಕಾಣಲಿಲ್ಲ."

"ನವೆಂಬರ್ 16. ಮಳೆ ಇಲ್ಲ. ಮಾತಿಲ್ಲ."

ಹಿಂದಿನ ಪುಟಗಳನ್ನು ತಿರುವಿದೆ. ತಿಂಗಳಲ್ಲಿ ನಾಲ್ಕು ಸಾಲು ಮಗುವಿನದು. ಮಗುವಿಗೆ ಹಲ್ಲು ಬಂದದ್ದು, ಮಗು ನಿಂತದ್ದು, ಮಗು ಅಜ್ಜ ಎಂದದ್ದು, ಎಲ್ಲವೂ ಇಂಚು ಸೆಂಟುಗಳ ಪಕ್ಕದಲ್ಲಿ ಸಾಲಾಗಿ ಕುಳಿತಿದ್ದವು. ಬರಗಾಲ ಬಂದಂತೆ ನಿಂತದ್ದು ನಾನು ಬಂದ ಮೇಲೆ. ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟು ಅಟ್ಟಕ್ಕೆ ಹೋದೆ. ಅಂದು ಯಂತ್ರವನ್ನು ಮುಟ್ಟಲು ಕೈ ಬರಲಿಲ್ಲ.

ಮಧ್ಯಾಹ್ನ ಪಕ್ಕದ ತೋಟದ ಮನೆಯ ಸೊಸೆ ಟಾರ್ಪಾಲು ಕೇಳಲು ಬಂದಳು. ಕಾಸರಗೋಡಿನ ಬದಿಯಡ್ಕದ ಕಡೆಯ ಹುಡುಗಿ. ಮದುವೆಯಾಗಿ ಇತ್ತ ಬಂದು ಎರಡು ವರ್ಷ. ನಾನು ಲ್ಯಾಪ್‌ಟಾಪನ್ನು ಬಗಲಲ್ಲಿ ಹಿಡಿದು ಏಣಿಯಿಳಿಯುತ್ತಿದ್ದೆ. ಪರದೆಯ ಕಡೆ ಕಣ್ಣು ಹಾಯಿಸಿದವಳು, "ಲಿನಕ್ಸಾ ಮಾವ? ನಾವು ಶಾಲೆಯಲ್ಲಿ ಕಲಿತದ್ದು ಇದನ್ನೇ" ಎಂದಳು.

ನನಗೆ ಆಶ್ಚರ್ಯವಾಯಿತು. ಆಶ್ಚರ್ಯಪಡಬೇಕಾಗಿರಲಿಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾಗಿ 2017ರಿಂದ 'ಕೈಟ್' ಎಂಬ ಹೆಸರು ಪಡೆದ ಶಾಲ್ಯಾಯೋಜನೆಯೊಂದು ಅಲ್ಲಿನ ಸರಕಾರಿ ಶಾಲೆಗಳ ಕಂಪ್ಯೂಟರುಗಳಿಗೆ ಲಿನಕ್ಸನ್ನು ತಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಾಠಪುಸ್ತಕ ಕನ್ನಡದಲ್ಲಿಯೇ ಬರುತ್ತದೆ. ಜಯನಗರದಲ್ಲಿ ನನ್ನನ್ನು ಪಂಡಿತನನ್ನಾಗಿ ಮಾಡಿದ ವಿದ್ಯೆ ಗಡಿಯಾಚೆ ಹೈಸ್ಕೂಲು ಹುಡುಗಿಯರ ಮನೆಪಾಠ!

ನನ್ನ ಹದಿನಾಲ್ಕು ದಿನದ ಪುರಾಣವನ್ನು ಅವಳು ತಾಳ್ಮೆಯಿಂದ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ: "ಅಟ್ಟದಲ್ಲಿ ಬರ್ತದಾ?"

"ಬರುತ್ತದೆ."

"ಹತ್ತಿರ ಇದ್ದರೆ ಬರ್ತದೆ, ದೂರ ಆದರೆ ಇಲ್ಲ. ಹಾಗಾದರೆ ಡ್ರೈವರು ಉಂಟು, ಫರ್ಮ್‌ವೇರೂ ಉಂಟು. ಕಿವಿ ಕೇಳುವುದಿಲ್ಲ ಅಷ್ಟೆ. ಆಂಟೆನಾ ನೋಡಿದಿರಾ ಮಾವ?"

ಆಂಟೆನಾ ಎಂದರೆ ಏರಿಯಲ್ಲು. ಹದಿನಾಲ್ಕು ದಿನದ ಹಿಂದೆ ಅಣ್ಣ ಕೇಳಿದ್ದು ಅದನ್ನೇ. ಅಣ್ಣ ಅಲ್ಲಿಯೇ ಬಾಗಿಲ ಬಳಿ ಕುಳಿತಿದ್ದ. ಅವಳ ಮಾತು ಅವನ ಬಲಗಿವಿಗೆ ಬಿದ್ದಿತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ.

ಲ್ಯಾಪ್‌ಟಾಪನ್ನು ಮಗುಚಿ, ತಿರುಪುಗಳನ್ನು ಬಿಚ್ಚಿ, ಬೆನ್ನಿನ ತಟ್ಟೆಯನ್ನು ತೆಗೆದೆವು. ಕಾರ್ಡಿನ ಮೂಲೆಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ, ಚಿನ್ನದ ಬಣ್ಣದ ಎರಡು ಗುಂಡಿಗಳಿದ್ದವು. ಒಂದಕ್ಕೆ ಕೂದಲೆಳೆಯಂಥ ಕಪ್ಪು ತಂತಿ ಸಿಕ್ಕಿಸಿತ್ತು. ಅದು ಪರದೆಯ ಅಂಚಿನ ತನಕ ಹೋಗಿ ಅಲ್ಲಿ ಏರಿಯಲ್ಲಾಗುತ್ತದೆ. ಇನ್ನೊಂದು ಗುಂಡಿ ಖಾಲಿ. ಕಾರ್ಡಿಗೆ ಎರಡು ಕಿವಿ. ಲ್ಯಾಪ್‌ಟಾಪನ್ನು ಜೋಡಿಸಿದವರು ಒಂದಕ್ಕೆ ಮಾತ್ರ ತಂತಿ ಕೊಟ್ಟಿದ್ದರು. ಹಿಂದಿನ ವಿಂಡೋಸಿನಲ್ಲಿದ್ದ ಚಾಲಕ ತಂತಿ ಇದ್ದ ಕಿವಿಯಿಂದಲೇ ಕೇಳುತ್ತಿತ್ತು. ಲಿನಕ್ಸಿನ ಚಾಲಕ ಖಾಲಿ ಕಿವಿಯಿಂದ ಕೇಳಲು ಹೊರಟಿತ್ತು. ರೂಟರಿನ ಕೊರಳಿಗೇ ಹೋಗಿ ನಿಂತರೆ ಕಿವುಡನಿಗೂ ಒಂದಿಷ್ಟು ಕೇಳಿಸುತ್ತದೆ. ಅಟ್ಟದ ಗುಟ್ಟು ಅದು.

ತಂತಿಯನ್ನು ಕಿತ್ತು ಇನ್ನೊಂದು ಗುಂಡಿಗೆ ಸಿಕ್ಕಿಸಬಹುದಿತ್ತು. ನನ್ನ ನಡುಗುವ ಬೆರಳಿಗೆ ಆ ಕೆಲಸ ಬೇಡವೆಂದು ಹುಡುಗಿ ತಡೆದಳು. ತಟ್ಟೆಯನ್ನು ಮುಚ್ಚಿ, ಟರ್ಮಿನಲ್ಲಿನಲ್ಲಿ 'ಮಾಡ್‌ಇನ್ಫೋ' ಎಂಬ ಅಪ್ಪಣೆಯನ್ನೂ ಚಾಲಕದ ಹೆಸರನ್ನೂ ಹೊಡೆದಳು. ಚಾಲಕ ತನ್ನ ಜಾತಕವನ್ನು ತಾನೇ ಹೇಳಿಕೊಂಡಿತು. ತನ್ನನ್ನು ಎಲ್ಲೆಲ್ಲಿ ತಿರುಗಿಸಬಹುದು, ತಿರುಗಿಸಿದರೆ ಏನಾಗುತ್ತದೆ ಎಂದು ಒಂದೊಂದೇ ಸಾಲಿನಲ್ಲಿ ಪಟ್ಟಿ. ಅದರಲ್ಲಿ ಒಂದು ಸಾಲು ಆಂಟೆನಾದ್ದು: 1 ಅಥವಾ 2 ಎಂದು ಕೊಟ್ಟರೆ ಆ ಸಂಖ್ಯೆಯ ಆಂಟೆನಾವನ್ನೇ ಬಳಸುತ್ತೇನೆ ಎಂಬ ಅರ್ಥ. ಎಲ್ಲೋ ದೂರದೇಶದಲ್ಲಿ ಕುಳಿತವರು ಯಾರೋ, ಹೀಗೂ ಒಂದು ಯಂತ್ರ ಎಲ್ಲಾದರೂ ಇದ್ದೀತೆಂದು ಯೋಚಿಸಿ ಆ ಸಾಲನ್ನು ಬರೆದಿಟ್ಟಿದ್ದರು. ಎರಡು ವಾರವೂ ಅದು ನನ್ನ ಬೆರಳ ತುದಿಯಲ್ಲೇ ಇತ್ತು. ಹಸಿ ಬೀಜ ಕೈಯಲ್ಲಿದ್ದರೆ ಸಾಲದು. ಬಿತ್ತುವವನಿಗೆ ಮಣ್ಣಿನ ಕಡೆಯೂ ನೋಟ ಬೇಕು.

1 ಎಂದು ಕೊಟ್ಟೆವು. ಬದಲಾಗಲಿಲ್ಲ. 2 ಎಂದು ಕೊಟ್ಟೆವು. ಅಲೆಯ ಬಲವನ್ನು ಲಿನಕ್ಸು ಋಣಸಂಖ್ಯೆಯಲ್ಲಿ ಹೇಳುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಊಟದ ಮೇಜಿನ ಮೇಲೆ ಋಣ 84 ಇದ್ದದ್ದು ಒಮ್ಮೆಗೇ ಋಣ 54 ಆಯಿತು. ಆ ಲೆಕ್ಕದಲ್ಲಿ ಹತ್ತು ಅಂಕಿ ಏರಿದರೆ ಬಲ ಹತ್ತು ಪಟ್ಟು. ಮೂವತ್ತು ಏರಿದರೆ ಸಾವಿರ ಪಟ್ಟು. ಯಂತ್ರ ಮಲಗಿ ಎದ್ದರೂ ನೆನಪಿರಲೆಂದು ಆ ಒಂದು ಸಾಲನ್ನು ಒಂದು ಪುಟ್ಟ ಕಡತದಲ್ಲಿ ಬರೆದು ಅದರ ಜಾಗದಲ್ಲಿ ಇಟ್ಟೆವು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಹುಡುಗಿ ಟಾರ್ಪಾಲು ತೆಗೆದುಕೊಂಡು ಹೋದಳು.

ನಾನು ಅಣ್ಣನ ಬಳಿಗೆ ಹೋಗಿ, ಈ ಸಲ ಬಲಗಡೆಗೆ ಕುಳಿತು, "ನೀನು ಹೇಳಿದ್ದೇ ಸರಿ. ಏರಿಯಲ್ಲಿನದೇ ತೊಂದರೆ" ಎಂದೆ.

"ನಿನಗೆ ನೆನಪುಂಟಾ?" ಎಂದ ಅವನು. "ಆ ವರ್ಷ ಮಳೆಗಾಲದಲ್ಲಿ ರೇಡಿಯೋ ನಿಂತುಹೋಗಿತ್ತು. ವಾಲ್ವು ಹೋಗಿದೆ, ಚಿಕ್ಕಮಗಳೂರಿಗೆ ಕಳಿಸಬೇಕು ಅಂತ ಅಪ್ಪಯ್ಯ ಪೆಟ್ಟಿಗೆಗೆ ಹುಲ್ಲು ತುಂಬಿ ಕಟ್ಟಿಯೂ ಆಗಿತ್ತು. ನಾನು ಮರ ಹತ್ತಿ ನೋಡಿದರೆ ತಂತಿಯ ಗಂಟಿನಲ್ಲಿ ಕಿಲುಬು. ಕೆರೆದು ಕಟ್ಟಿದೆ, ಹಾಡಿತು."

"ಹಾಗಾದರೆ ಮೊನ್ನೆಯೇ ಯಾಕೆ ಒತ್ತಿ ಹೇಳಲಿಲ್ಲ?"

"ನೀನು ಓದಿದವ. ನನಗೆ ಕಿವಿ ಕೇಳುವುದಿಲ್ಲ ಅಂತ ನಿಮಗೆಲ್ಲ ಗೊತ್ತು. ನನ್ನ ಮಾತು ನಿಮಗೆ ಕೇಳುವುದಿಲ್ಲ ಅಂತ ನನಗೆ ಗೊತ್ತು." ಇಷ್ಟು ಹೇಳಿ ಅವನು ನಕ್ಕ. ನಾನೂ ನಗಬೇಕೆಂದು ಪ್ರಯತ್ನಿಸಿದೆ.

ಸುಮಾರು ವರ್ಷಗಳಿಂದ ನಾನು ಅವನೊಡನೆ ಮಾತಾಡುತ್ತಿದ್ದುದೆಲ್ಲ ಬೆಂಗಳೂರಿನಿಂದ ತಂದ ಸಲಹೆ. ಮನೆಗೆ ಹೊಸ ಹೆಂಚು, ತೋಟಕ್ಕೆ ಹನಿ ನೀರಾವರಿ, ಮೊಣಕಾಲಿಗೆ ಒಬ್ಬ ವೈದ್ಯರು, ಕಡೆಗೆ ಯಂತ್ರಕ್ಕೆ ಲಿನಕ್ಸು. ಅವನು ಕೇಳಿಸಿಕೊಳ್ಳುವುದಿಲ್ಲ ಎಂಬುದು ನನ್ನ ದೂರು. ಯಾವ ಕಿವಿಗೆ ತಂತಿ ಇದೆ ಎಂದು ನಾನು ನೋಡಿದವನೇ ಅಲ್ಲ.

23ರ ಭಾನುವಾರ ಎಂಟು ಗಂಟೆಗೆ ಲ್ಯಾಪ್‌ಟಾಪು ಊಟದ ಮೇಜಿನ ಮೇಲೆ, ಅಣ್ಣನ ಬಲಕ್ಕೆ ಕುಳಿತಿತ್ತು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮುಖ ಮೂಡಿತು. "ಅಜ್ಜಾ, ಈಗ ಕಿವಿ ಅಲ್ಲ, ನೀನೇ ಕಾಣ್ತೀಯ!" ಎಂದಿತು ಮಗು. ಆಮೇಲೆ ಮುಕ್ಕಾಲು ಗಂಟೆ ಏನೇನೋ ಮಾತು. ನಾಯಿಯನ್ನು ಎತ್ತಿ ತೋರಿಸಿದ್ದೂ ಆಯಿತು.

ನಾನು ಹೊರಡುವುದು ಮರುದಿನ ಬೆಳಿಗ್ಗೆ ಎಂದಾಗಿತ್ತು. ಎಂಟು ಗಂಟೆಗೆ ಅಣ್ಣ ಮಳೆಮಾಪಕವನ್ನು ನೋಡಿ ಬಂದು ಪುಸ್ತಕ ಬರೆದಿಟ್ಟು ತೋಟಕ್ಕೆ ಇಳಿದ. ಪರರ ದಿನಚರಿ ನೋಡಬಾರದೆಂದು ನನಗೂ ಗೊತ್ತು. ನೋಡಿದೆ.

"ನವೆಂಬರ್ 23. ಮಳೆ ಇಲ್ಲ. ಏರಿಯಲ್ ಸರಿಯಾಯಿತು. ತಮ್ಮ ಇನ್ನೆರಡು ದಿನ ಇದ್ದರೆ ಚೆನ್ನಾಗಿತ್ತು."

ಅದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಚೀಲವನ್ನು ಮತ್ತೆ ಒಳಗಿಟ್ಟು, ಕುಯ್ಲಿನ ಬುಟ್ಟಿಯೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ತೋಟಕ್ಕೆ ಇಳಿದೆ.